ಮುಧೋಳ ನಾಯಿ ಸಾಕುವವರೇ, ಮರಿಗಿಂತ ಮೊದಲು ವಹಿ ಇರಲಿ

ಈ ವಾರ ಬೆಳೆಯ ಮಾತು ಬಿಟ್ಟು ನಾಯಿಯ ಮಾತು. ದಾಳಿಂಬೆಗೆ ಚಾಟ್ನಿ ಯಾವಾಗ, ಜೀವಾಮೃತ ಎಷ್ಟು ದಿನಕ್ಕೊಮ್ಮೆ ಅಂತ ಕೇಳುತ್ತಿದ್ದ ಹುಡುಗರೇ ಈಗ ಇನ್ನೊಂದು ಪ್ರಶ್ನೆ ಕೇಳತೊಡಗಿದ್ದಾರೆ. "ಅಕ್ಕಾರ, ಒಂದು ಮುಧೋಳ ಹೆಣ್ಣ ನಾಯಿ ತಂದು ಮರಿ ಮಾಡಿಸಿದ್ರ ಲಾಭ ಐತೇನ್ರಿ?" ಕೇಳುವವರು ಜಮಖಂಡಿ, ಬೀಳಗಿ, ಬನಹಟ್ಟಿ ಕಡೆಯ ಇಪ್ಪತ್ತು-ಇಪ್ಪತ್ತೈದರ ಹುಡುಗರು. ಎಲ್ಲರ ಫೋನಿನಲ್ಲೂ ಅದೇ ರೀಲ್ ಇರುತ್ತದೆ: ವರ್ಷಕ್ಕೆ ಎರಡು ಸೂಲು, ಸೂಲಿಗೆ ಎಂಟು ಮರಿ, ಮರಿಗೆ ಇಷ್ಟು ಸಾವಿರ, ಗುಣಿಸಿದರೆ ಲಕ್ಷ.

ನನ್ನ ಉತ್ತರ ಒಂದೇ. ನಾಯಿ ತರುವ ಮೊದಲು ಪೇಟೆಗೆ ಹೋಗಿ ಗಟ್ಟಿ ರಟ್ಟಿನ ಒಂದು ವಹಿ ತಗೊಂಡು ಬಾ. ನೀನು ತರುವ ನಾಯಿಯ ಅಪ್ಪ ಯಾರು, ಅವ್ವ ಯಾರು, ಅಜ್ಜ ಅಜ್ಜಿ ಯಾರು ಅಂತ ಮೊದಲ ಪುಟದಲ್ಲಿ ಬರೆಯೋಕೆ ಆಗುತ್ತಾ ನೋಡು. ಆಗಲ್ಲ ಅಂದ್ರೆ ನಾಯಿ ಸಾಕು, ತೋಟಕ್ಕೆ ಕಾವಲಾಗುತ್ತದೆ. ಮರಿ ಮಾತ್ರ ಮಾಡಿಸಬೇಡ. ಇದು ಕೆಲವರಿಗೆ ಖಾರ ಅನಿಸುತ್ತದೆ. ಯಾಕೆ ಹೀಗೆ ಹೇಳುತ್ತೇನೆ ಅನ್ನೋದನ್ನು ಇಲ್ಲಿ ಬಿಡಿಸಿ ಬರೆಯುತ್ತೇನೆ.

ಈ ನಾಯಿಯ ಹೆಸರು ಎಷ್ಟು ದೊಡ್ಡದು ಅನ್ನೋದು ನಿಮಗೆ ಗೊತ್ತೇ ಇದೆ, ಚುಟುಕಾಗಿ ಹೇಳಿಬಿಡುತ್ತೇನೆ. ಬೇಡರ ಮನೆಗಳಲ್ಲಿ ಬೇಟೆಗೆ ಇದ್ದ ನಾಯಿಗಳನ್ನು ನೋಡಿ, ಒಳ್ಳೆಯವನ್ನು ಆರಿಸಿ ತಳಿ ಉಳಿಸಿದವರು ಮುಧೋಳ ಸಂಸ್ಥಾನದ ಅರಸ ಮಾಲೋಜಿರಾವ್ ಘೋರ್ಪಡೆ. ಇಂಗ್ಲೆಂಡಿನ ಐದನೇ ಜಾರ್ಜ್ ದೊರೆಗೆ ಅವರು ಒಂದು ಜೋಡಿ ಕಾಣಿಕೆ ಕೊಟ್ಟರು ಅಂತ ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. (1857ರಲ್ಲಿ ಆಯುಧ ಕೊಡಲ್ಲ ಅಂತ ಇಂಗ್ಲಿಷರಿಗೆ ಎದುರು ನಿಂತ ಹಲಗಲಿ ಬೇಡರ ಊರೂ ಇದೇ ಮುಧೋಳ ತಾಲೂಕಿನಲ್ಲೇ ಇದೆ. ನಾಯಿಯ ಕಥೆಯಲ್ಲಿ ರಾಜರ ಹೆಸರು ಬರುತ್ತದೆ, ಬೇಡರ ಹೆಸರು ಹಿಂದೆ ಬೀಳುತ್ತದೆ, ಅದು ನನಗೆ ಸರಿ ಕಾಣಲ್ಲ.) 2005ರಲ್ಲಿ ಅಂಚೆ ಚೀಟಿ ಬಂತು. 2016ರಲ್ಲಿ ಸೇನೆಯವರು ತಿಮ್ಮಾಪುರದ ಕೇಂದ್ರದಿಂದ ಮರಿಗಳನ್ನು ಮೀರತ್‌ಗೆ ತರಬೇತಿಗೆ ಒಯ್ದರು. 2020ರ ಆಗಸ್ಟ್‌ನಲ್ಲಿ ಪ್ರಧಾನಿ ಮನ್ ಕೀ ಬಾತ್‌ನಲ್ಲಿ ಹೆಸರು ಹೇಳಿದರು. ಕರ್ನಾಲದ ರಾಷ್ಟ್ರೀಯ ಪಶು ತಳಿ ಸಂಪನ್ಮೂಲ ಬ್ಯೂರೋ ತಮಿಳುನಾಡಿನ ರಾಜಪಾಳ್ಯಂ, ಚಿಪ್ಪಿಪಾರೈ ಜೊತೆಗೆ ಇದನ್ನೂ ದೇಶಿ ತಳಿ ಅಂತ ನೋಂದಾಯಿಸಿದೆ. ಹೆಸರು ಬಂದಾಗಲೆಲ್ಲ ಮರಿಗೆ ಬೇಡಿಕೆ ಏರುತ್ತದೆ. ಬೇಡಿಕೆ ಏರಿದಾಗ ಏನು ಮಾರಾಟ ಆಗುತ್ತದೆ ಅನ್ನೋದೇ ನನ್ನ ಚಿಂತೆ.

ಮುಧೋಳ ನಾಯಿಯನ್ನು ಮಾಡಿದ್ದು ನಮ್ಮ ನೆಲ. ಇದು ಮೂಗಿನಿಂದ ಬೇಟೆಯಾಡುವ ನಾಯಿ ಅಲ್ಲ, ಕಣ್ಣಿನಿಂದ ಬೇಟೆಯಾಡುವ ನಾಯಿ. ದೂರದಲ್ಲಿ ಏನಾದರೂ ಅಲುಗಿದರೆ ಸಾಕು, ಬಿಟ್ಟ ಬಾಣ. ಅದಕ್ಕೆ ಬೇಕಾದದ್ದು ಬಯಲು. ನಮ್ಮ ಅಜ್ಜಂದಿರ ಕಾಲದಲ್ಲಿ ಎರೆಹೊಲದಲ್ಲಿ ಬಿಳಿಜೋಳ ಕೊಯ್ದ ಮೇಲೆ ಕಣ್ಣು ಹಾಯುವಷ್ಟು ದೂರ ಬಯಲೇ ಇತ್ತು. ಉದ್ದ ಕಾಲು, ಆಳದ ಎದೆ, ಒಳಗೆ ಎಳೆದುಕೊಂಡ ಹೊಟ್ಟೆ, ಸಣ್ಣ ಕೂದಲು, ರೊಟ್ಟಿ-ಮಜ್ಜಿಗೆ, ಗೋವಿನಜೋಳದ ನುಚ್ಚಿನಲ್ಲೂ ಬದುಕುವ ಹೊಟ್ಟೆ, ಇವೆಲ್ಲ ಆ ಬಯಲಿನಲ್ಲಿ ಓಡಿ ಓಡಿ ಉಳಿದುಕೊಂಡ ಗುಣಗಳು. ಓಡಲಾರದ ನಾಯಿಯ ಮರಿ ಯಾರೂ ಕೇಳುತ್ತಿರಲಿಲ್ಲ. ದಮ್ಮು ಇಲ್ಲದ್ದು, ಕಾಲು ಸೊಟ್ಟ ಇದ್ದದ್ದು, ಕಣ್ಣು ಮಂದ ಇದ್ದದ್ದು ತಾನಾಗೇ ಹಿಂದೆ ಬೀಳುತ್ತಿತ್ತು. ಬೇಟೆಯೇ ಜರಡಿ.

ಆ ಜರಡಿ ಈಗ ಇಲ್ಲ. ಘಟಪ್ರಭಾ, ಕೃಷ್ಣೆ ನೀರು ಬಂದ ಮೇಲೆ ಮುಧೋಳ, ಜಮಖಂಡಿಯ ಅರ್ಧ ನೆಲ ಕಬ್ಬಿನ ಗೋಡೆ. ಕಬ್ಬಿನೊಳಗೆ ನಾಯಿಗೆ ಹತ್ತು ಮಾರು ಆಚೆ ಕಾಣಲ್ಲ. ಬೇಟೆಯೂ ನಿಂತಿದೆ, ನಿಲ್ಲಲೇಬೇಕಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಮೊಲ ಹಿಡಿಯೋದು ಅಪರಾಧ. ಬಲೆ ಹಾಕಿದರೂ ಒಂದೇ, ನಾಯಿ ಬಿಟ್ಟು ಹಿಡಿಸಿದರೂ ಒಂದೇ. ಮೊಲ ಕಚ್ಚಿಕೊಂಡ ನಾಯಿಯ ವಿಡಿಯೋ ಹಾಕಿ ಲೈಕ್ ಎಣಿಸುವವರು ತಮ್ಮ ಮೇಲಿನ ಸಾಕ್ಷಿಯನ್ನು ತಾವೇ ಊರಿಗೆಲ್ಲ ಹಂಚುತ್ತಿದ್ದಾರೆ, ಅಷ್ಟೇ. ನವಿಲು, ಮಂಗ, ಹಂದಿ ಓಡಿಸೋಕೆ ಅಂತ ನಾಯಿ ಸಾಕುವವರೂ ಇದನ್ನು ನೆನಪಿಡಿ. ಬೊಗಳಿ ಓಡಿಸೋದು ಬೇರೆ, ಅಟ್ಟಿಸಿ ಕೊಲ್ಲಿಸೋದು ಬೇರೆ.

ಬೇಟೆ ಹೋದ ಮೇಲೆ ಯಾವ ನಾಯಿಯ ಮರಿ ಉಳಿಯಬೇಕು ಅಂತ ಈಗ ಆರಿಸುತ್ತಿರುವುದು ಏನು? ಫೋನಿನ ಕ್ಯಾಮೆರಾ. ಎತ್ತರ ಇದ್ದರೆ ಸೈ, ಸೊಂಟ ಸಣ್ಣ ಇದ್ದರೆ ಸೈ, ಮೂತಿ ಚೂಪಾಗಿದ್ದರೆ ಸೈ. ಓಟಕ್ಕೆ ಇನ್ನಷ್ಟು ವೇಗ ಬರಲಿ, ಮೈಗೆ ಹೊಳಪು ಬರಲಿ ಅಂತ ಗ್ರೇಹೌಂಡ್ ಜೊತೆ ಕ್ರಾಸ್ ಮಾಡಿಸಿ, ಹುಟ್ಟಿದ್ದಕ್ಕೆ 'ಒರಿಜಿನಲ್ ಮುಧೋಳ' ಅಂತ ಹೆಸರಿಟ್ಟು ಮಾರುವವರೂ ಇದ್ದಾರೆ. ಮೊದಲ ಪೀಳಿಗೆ ನೋಡೋಕೆ ಚಂದ ಇರುತ್ತದೆ, ಸುಳ್ಳಲ್ಲ. ಹೈಬ್ರಿಡ್ ಪಪ್ಪಾಯಿಯೂ ಮೊದಲ ಬೆಳೆ ಚಂದವೇ. ಆ ಹಣ್ಣಿನ ಬೀಜ ತೆಗೆದು ಮತ್ತೆ ಹಚ್ಚಿ ನೋಡಿ: ಒಂದು ಗಿಡ ಉದ್ದ, ಒಂದು ಗಿಡ ಗಿಡ್ಡ, ಒಂದರ ಹಣ್ಣು ಸಪ್ಪೆ, ಒಂದರಲ್ಲಿ ಹಣ್ಣೇ ಇಲ್ಲ. ಕ್ರಾಸ್ ನಾಯಿಯ ಮರಿಗಳಲ್ಲೂ ಅದೇ ಆಗುತ್ತದೆ. ನಮ್ಮ ಬಿಸಿಲು, ನಮ್ಮ ಮುಳ್ಳು, ನಮ್ಮ ಊಟ ತಾಳಿಕೊಂಡ ಗುಣಗಳು ಚೆದುರಿ ಹೋಗುತ್ತವೆ. ಮತ್ತೆ ಕೂಡಿಸೋಕೆ ಯಾರ ಹತ್ತಿರವೂ ಲೆಕ್ಕ ಇರುವುದಿಲ್ಲ.

ತೋಟಗಾರಿಕೆ ಓದುವಾಗ ನಮಗೆ ಮೊದಲು ಕಲಿಸಿದ್ದು ತಾಯಿಗಿಡದ ವಿಷಯ. ಗುಟಿ ಕಟ್ಟುವ ಮೊದಲು ತಾಯಿಗಿಡ ಯಾವುದು, ಅದಕ್ಕೆ ಎಷ್ಟು ವಯಸ್ಸು, ರೋಗ ಇದೆಯಾ, ಮೂರು ವರ್ಷ ಎಂಥ ಕಾಯಿ ಬಿಟ್ಟಿದೆ ಅಂತ ಬರೆದಿಡಬೇಕು. ಬರೆಯದ ನರ್ಸರಿಯಿಂದ ಸಸಿ ತಂದವರ ಪಾಡು ನಮ್ಮ ಕಡೆ ಎಲ್ಲರಿಗೂ ಗೊತ್ತು. ಒಂದು ನರ್ಸರಿಯವರು ನನಗೇ 'ಭಗವಾ' ಅಂತ ಹೇಳಿ ಕೊಟ್ಟ ಸಸಿಗಳಲ್ಲಿ ನಾಲ್ಕನೇ ಒಂದು ಭಾಗ ಬೇರೆಯೇ ಬಣ್ಣದ ಕಾಯಿ ಬಿಟ್ಟವು. ಕೇಳಲು ಹೋದರೆ ತಾಯಿಗಿಡದ ದಾಖಲೆಯೇ ಇಲ್ಲ. ಗಿಡಕ್ಕಾದರೆ ಎರಡು ವರ್ಷದ ನಷ್ಟ, ಕಿತ್ತು ಹಾಕಬಹುದು. ನಾಯಿಯನ್ನು ಕಿತ್ತು ಹಾಕಲು ಬರುತ್ತದೇನು?

ಖಿಲಾರಿ ಹೋರಿ ಕೊಳ್ಳುವಾಗ ನಮ್ಮ ಹಿರಿಯರನ್ನು ಗಮನಿಸಿದ್ದೀರಾ? ಹಲ್ಲು ನೋಡುತ್ತಾರೆ, ಗೊರಸು ನೋಡುತ್ತಾರೆ, ಸುಳಿ ನೋಡುತ್ತಾರೆ, ಕೊನೆಗೆ "ಇದರ ತಾಯಿ ಯಾರ ಮನ್ಯಾಗೈತಿ?" ಅಂತ ಕೇಳೇ ಕೇಳುತ್ತಾರೆ. ತಾಯಿ ನೋಡೋಕೆ ಎರಡು ಊರು ದಾಟಿ ಹೋದವರನ್ನು ನಾನು ಕಂಡಿದ್ದೇನೆ. ಅದೇ ಮನೆಯ ಹುಡುಗ ವಾಟ್ಸಾಪಿನಲ್ಲಿ ಫೋಟೋ ನೋಡಿ, ಫೋನ್ ಪೇ ಮಾಡಿ, ಬಸ್ಸಿನ ಡಿಕ್ಕಿಯಲ್ಲಿ ಬಂದ ನಾಯಿಮರಿ ಇಳಿಸಿಕೊಳ್ಳುತ್ತಾನೆ.

ಮನುಷ್ಯರ ವಂಶ ಬರೆದಿಡೋಕೆ ನಮ್ಮಲ್ಲಿ ಹೆಳವರೇ ಇದ್ದಾರೆ. ಸುಗ್ಗಿ ಮುಗಿದ ಮೇಲೆ ಬಂದು ಕಟ್ಟೆಯ ಮೇಲೆ ಕೂತು, ನಿಮ್ಮ ಮುತ್ತಜ್ಜನ ಅಪ್ಪ ಯಾವ ಊರಿಂದ ಬಂದ, ಎಷ್ಟು ಮಕ್ಕಳು, ಯಾರಿಗೆ ಸಂತಾನ ಇಲ್ಲ ಅಂತ ಓದಿ ಹೇಳಿ, ಕಾಳು ಇಸಿದುಕೊಂಡು, ಹೋಗುವಾಗ ಹೊಸದಾಗಿ ಹುಟ್ಟಿದ ಕೂಸಿನ ಹೆಸರನ್ನೂ ಬರೆದುಕೊಂಡು ಹೋಗುತ್ತಾರೆ. ಪೆಡಿಗ್ರಿ ಅಂದರೆ ಇಂಗ್ಲಿಷ್ ಶೋಕಿ ಅಂತ ಮೂಗು ಮುರಿಯುವವರಿಗೆ ನಾನು ಹೇಳೋದು ಇಷ್ಟೇ: ಅದು ಹೆಳವರ ಹೊತ್ತಗೆ, ನಾಯಿಗೆ ಬರೆದದ್ದು.

ಬರೆಯದಿದ್ದರೆ ಏನಾಗುತ್ತದೆ? ಒಂದು ಲೆಕ್ಕ ಹೇಳುತ್ತೇನೆ. ಒಂದು ಊರಿನಲ್ಲಿ ಒಂದು ಚೆಲುವಾದ ಗಂಡು ನಾಯಿ ಇದೆ. ಪ್ರದರ್ಶನದಲ್ಲಿ ಬಹುಮಾನ ಬಂತು. ಸುತ್ತ ಹತ್ತು ಹಳ್ಳಿಯವರೂ ತಮ್ಮ ಹೆಣ್ಣು ನಾಯಿ ಬೆದೆಗೆ ಬಂದಾಗ ಅದರ ಹತ್ತಿರವೇ ಒಯ್ಯುತ್ತಾರೆ. ಗಂಡು ನಾಯಿಯವರಿಗೆ ಸೂಲಿನಲ್ಲಿ ಒಂದು ಮರಿ, ಇಲ್ಲಾ ರೊಕ್ಕ. ಎರಡು ವರ್ಷ ಕಳೆದರೆ ಆ ಹತ್ತು ಹಳ್ಳಿಯ ಎಳೇ ನಾಯಿಗಳೆಲ್ಲ ಒಂದೇ ಅಪ್ಪನ ಮಕ್ಕಳು. ಯಾರೂ ಬರೆದಿಲ್ಲ, ಹಾಗಾಗಿ ಯಾರಿಗೂ ಗೊತ್ತಿಲ್ಲ. ಅವುಗಳನ್ನೇ ಮತ್ತೆ ಕೂಡಿಸುತ್ತಾರೆ. ಅಪ್ಪ ಒಂದೇ, ಅವ್ವ ಬೇರೆ ಇರುವ ಜೋಡಿಯ ಮರಿಯಲ್ಲಿ ಒಳಸಂತಾನದ ಪ್ರಮಾಣ 12.5%. ಅಂದರೆ ಎರಡೂ ಕಡೆಯಿಂದ ಅದೇ ಅಜ್ಜನ ಅದೇ ವಂಶವಾಹಿ ಬಂದು ಜೋಡಿಯಾಗುವ ಸಾಧ್ಯತೆ ಎಂಟರಲ್ಲಿ ಒಂದು. ಅಪ್ಪ-ಮಗಳು, ಇಲ್ಲಾ ಒಡಹುಟ್ಟಿದ ಅಣ್ಣ-ತಂಗಿ ಕೂಡಿದರೆ 25%. ಅಣ್ಣತಮ್ಮಂದಿರ ಮಕ್ಕಳ ಮಟ್ಟದ ಸಂಬಂಧವಾದರೆ 6.25%. (ಸೋದರಮಾವನಿಗೆ ಮಗಳು ಕೊಡುವ ನಮ್ಮ ಕಡೆಯ ಲೆಕ್ಕವೂ 12.5% ಬರುತ್ತದೆ. ಅದರ ಜಗಳ ಇನ್ನೊಂದು ದಿನ.)

ಒಂದು ಸಲ ಹೀಗಾದರೆ ನಾಯಿ ಕೆಡುವುದಿಲ್ಲ. ಹಳೇ ಅರಸರೂ ಹತ್ತಿರದ ರಕ್ತ ಕೂಡಿಸಿಯೇ ತಳಿ ಗಟ್ಟಿ ಮಾಡಿರಬೇಕು. ಆದರೆ ತಲೆಮಾರಿನ ಮೇಲೆ ತಲೆಮಾರು ಗೊತ್ತಿಲ್ಲದೇ ಆದರೆ ಸೂಲಿನಲ್ಲಿ ಮರಿ ಕಡಿಮೆ ಆಗುತ್ತವೆ, ಹುಟ್ಟಿದ್ದು ಸಾಯುತ್ತವೆ, ರೋಗ ತಡೆಯುವ ಶಕ್ತಿ ಇಳಿಯುತ್ತದೆ, ಅಡಗಿದ್ದ ದೋಷ ಹೊರಗೆ ಬರುತ್ತದೆ. ದಾಳಿಂಬೆಯಲ್ಲಿ ನಾವು ಇದರ ಅಕ್ಕನನ್ನು ನೋಡಿದ್ದೇವೆ. ಊರಿಗೆ ಊರೇ ಒಂದೇ ತಳಿಯ ಗುಟಿ ಹಚ್ಚಿತ್ತು. ದುಂಡಾಣು ಅಂಗಮಾರಿ ಬಂದಾಗ ಊರಿಗೆ ಊರೇ ತೋಟ ಕಡಿಯಿತು.

ಹಾಗಾದರೆ ವಹಿಯಲ್ಲಿ ಏನು ಬರೆಯಬೇಕು? ಹೆಣ್ಣು ನಾಯಿಗೆ ಎರಡು ಪುಟ, ಪ್ರತಿ ಸೂಲಿಗೆ ಎರಡು ಪುಟ ಇರಲಿ. ನಾಯಿಯ ಹೆಸರು, ಹುಟ್ಟಿದ ತಾರೀಖು, ಬಣ್ಣ, ಮಚ್ಚೆ, ಮೈಕ್ರೋಚಿಪ್ ನಂಬರು, ಅಪ್ಪ-ಅವ್ವ, ಅವುಗಳ ಮಾಲೀಕರ ಊರು. ಬೆದೆಗೆ ಬಂದ ಮೊದಲ ದಿನ, ಕೂಡಿಸಿದ ದಿನಗಳು, ಯಾವ ಗಂಡಿಗೆ. ಸಾಮಾನ್ಯವಾಗಿ 63 ದಿನಕ್ಕೆ ಈಯುತ್ತದೆ, ಎರಡು ಮೂರು ದಿನ ಹಿಂದೆ ಮುಂದೆ. ಈದ ದಿನ ಎಷ್ಟು ಗಂಡು, ಎಷ್ಟು ಹೆಣ್ಣು, ಸತ್ತಿದ್ದೆಷ್ಟು, ಒಂದೊಂದರ ತೂಕ. ಅಡುಗೆ ಮನೆಯ ಡಿಜಿಟಲ್ ತಕ್ಕಡಿ ಇದಕ್ಕೆ ಸಾಕು, ಆಮೇಲೆ ತೊಳೆದಿಡಿ, ಇಲ್ಲಾ ಅವ್ವನ ಕೈಲಿ ಬೈಸಿಕೊಳ್ಳುತ್ತೀರಿ. ಮೊದಲ ಎರಡು ವಾರ ದಿನಾ ತೂಕ ಮಾಡಿ. ತೂಕ ಏರದ ಮರಿಗೆ ಏನೋ ಆಗಿದೆ ಅಂತಲೇ ಅರ್ಥ.

ಇದೆಲ್ಲ ಎಲ್ಲರೂ ಬರೆದಾರು. ಬರೆಯೋಕೆ ಮನಸ್ಸಾಗದ್ದು ದೋಷದ ಪುಟ. ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ಕೂಡುತ್ತಿಲ್ಲ, ಗಂಡು ಮರಿಗೆ ಒಂದೇ ವೃಷಣ ಇಳಿದಿದೆ, ಬಾಲ ಮುರುಟಿದೆ, ಶಬ್ದಕ್ಕೆ ಬೆಚ್ಚಿ ಮೂಲೆ ಸೇರುತ್ತದೆ, ಚರ್ಮದ ತೊಂದರೆ ಅವ್ವನಿಗೂ ಇತ್ತು, ಮಗಳಿಗೂ ಬಂತು. ಇವನ್ನು ಬರೆಯದ ವಹಿ ಮದುವೆಯ ಬಯೋಡಾಟಾ ಇದ್ದ ಹಾಗೆ, ಎಲ್ಲರೂ ಗುಣವಂತರೇ. ನಾಲ್ಕು ಸೂಲಿನ ದೋಷದ ಪುಟ ಎದುರಿಗಿಟ್ಟುಕೊಂಡು ನೋಡಿದರೆ ಯಾವ ಗಂಡನ್ನು ಇನ್ನು ಕೂಡಿಸಬಾರದು ಅನ್ನೋದು ತಾನೇ ಕಾಣುತ್ತದೆ.

ಇನ್ನೊಂದು ಕೆಲಸ ಫೋನಿನಿಂದಲೇ ಆಗುತ್ತದೆ. ಮರಿ ಒಯ್ದವರ ನಂಬರು ಇಟ್ಟುಕೊಂಡು, ಮರಿಗೆ ಒಂದು ವರ್ಷ ತುಂಬಿದ ದಿನಕ್ಕೆ ರಿಮೈಂಡರ್ ಹಾಕಿ. ಆ ದಿನ ಎತ್ತರ, ತೂಕ, ಪಕ್ಕದಿಂದ ತೆಗೆದ ಒಂದು ಫೋಟೋ, ಏನಾದರೂ ಕಾಯಿಲೆ ಬಂದಿತ್ತಾ ಅಂತ ಕೇಳಿ ಬರೆದುಕೊಳ್ಳಿ. ಎಂಟು ವಾರದ ಮರಿ ನೋಡಿ ತಳಿ ಅಳೆಯೋಕೆ ಬರಲ್ಲ. ನಿಮ್ಮ ನಾಯಿ ಎಂಥ ತಾಯಿ ಅನ್ನೋದು ವರ್ಷದ ಮಕ್ಕಳನ್ನು ನೋಡಿದಾಗಲೇ ತಿಳಿಯೋದು.

ರೀಲ್‌ನ ಲೆಕ್ಕಕ್ಕೆ ಈಗ ಬರೋಣ. ವರ್ಷಕ್ಕೆ ಎರಡು ಸೂಲು ಅಂತ ಹೇಳುತ್ತಾರಲ್ಲ, ಅದು ಕಾನೂನಿಗೇ ವಿರುದ್ಧ. ನಾಯಿ ಸಂತಾನ ಮತ್ತು ಮಾರಾಟಕ್ಕೆ ಅಂತಲೇ ಕೇಂದ್ರ ಸರ್ಕಾರ 2017ರಲ್ಲಿ ನಿಯಮ ಮಾಡಿದೆ. ಹೆಣ್ಣು ನಾಯಿಗೆ 18 ತಿಂಗಳು ತುಂಬಬೇಕು. ಬೆನ್ನುಬೆನ್ನಿಗೆ ಎರಡು ಬೆದೆಯಲ್ಲಿ ಮರಿ ಮಾಡಿಸಬಾರದು. ಜೀವಮಾನದಲ್ಲಿ ಐದೇ ಸೂಲು, ಎಂಟು ವರ್ಷ ಆದ ಮೇಲೆ ಬೇಡ. ಮರಿಗೆ ಎಂಟು ವಾರ ಆಗುವ ಮೊದಲು ಮಾರಬಾರದು. ಮರಿ ಮಾಡಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಬೇಕು, ಶುಲ್ಕ 5,000 ರೂಪಾಯಿ, ದಾಖಲೆ ಇಡಬೇಕು. ನಮ್ಮ ನಾಲ್ಕು ತಾಲೂಕಿನಲ್ಲಿ ಇದನ್ನು ಕೇಳಿದರೆ "ಯಾರ್ ಬರ್ತಾರ್ರಿ ಚೆಕ್ ಮಾಡಾಕ" ಅನ್ನುತ್ತಾರೆ. ಬರದಿರಬಹುದು. ಆದರೆ ಬೆಂಗಳೂರು, ಪುಣೆಯಿಂದ ಸರಿಯಾದ ಬೆಲೆ ಕೊಟ್ಟು ಕೊಳ್ಳುವವರು ಈಗೀಗ ಇದನ್ನೇ ಮೊದಲು ಕೇಳುತ್ತಾರೆ. ಕಾಗದ ಇಲ್ಲದವನ ಮರಿ ದಲ್ಲಾಳಿಯ ಬೆಲೆಗೇ ಹೋಗೋದು.

ವರ್ಷಕ್ಕೆ ಒಂದೇ ಸೂಲು ಅಂತ ಹಿಡಿಯಿರಿ. ಎಂಟು ಮರಿ ಹುಟ್ಟಿದರೆ ಎಂಟೂ ಉಳಿಯಲ್ಲ. ಗಬ್ಬ ಇದ್ದಾಗ ಮತ್ತು ಮೊಲೆಯೂಡುವಾಗ ತಾಯಿಗೆ ಹಾಲು, ತತ್ತಿ, ಮಾಂಸ ಬೇಕು. ಬರೀ ಗೋವಿನಜೋಳದ ಅಂಬಲಿ ಕುಡಿಸಿದರೆ ಆಗಲ್ಲ. ಈದ ಎರಡು ಮೂರು ವಾರದಲ್ಲಿ ತಾಯಿ ನಡುಗತೊಡಗಿದರೆ, ಕಾಲು ಸೆಟೆದರೆ ಕ್ಯಾಲ್ಸಿಯಂ ಇಳಿದಿದೆ ಅಂತ ತಿಳಿದು ರಾತ್ರಿಯಾದರೂ ಡಾಕ್ಟರ ಹತ್ತಿರ ಓಡಬೇಕು, ಬೆಳಗಿನವರೆಗೆ ಕಾಯಬಾರದು. ಮರಿಗಳಿಗೆ ಎರಡನೇ ವಾರದಿಂದ ಹದಿನೈದು ದಿನಕ್ಕೊಮ್ಮೆ ಜಂತಿನ ಔಷಧ, ಆರರಿಂದ ಎಂಟನೇ ವಾರದೊಳಗೆ ಪಾರ್ವೋ, ಡಿಸ್ಟೆಂಪರ್ ಲಸಿಕೆಯ ಮೊದಲ ಡೋಸು. ಮುಂದೆ ಮೂರು ನಾಲ್ಕು ವಾರಕ್ಕೊಂದರಂತೆ ನಾಲ್ಕು ತಿಂಗಳು ಆಗುವವರೆಗೆ. ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆ. ಪಾರ್ವೋ ಒಂದು ಸಲ ಮನೆ ಹೊಕ್ಕಿತು ಅಂದರೆ ಇಡೀ ಸೂಲು ಮೂರೇ ದಿನದಲ್ಲಿ ಹೋಗಬಹುದು, ಆ ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಕೂಡಿಸುವ ಮೊದಲು ಗಂಡು ಹೆಣ್ಣು ಎರಡಕ್ಕೂ ಬ್ರೂಸೆಲ್ಲಾ ಪರೀಕ್ಷೆ ಮಾಡಿಸೋದು ಒಳ್ಳೆಯದು. ಆಕಳಿಗೆ ಮಾಡಿಸುತ್ತೀರಲ್ಲ, ಹಾಗೇ. ಇವನ್ನೆಲ್ಲ ಕಳೆದು ನೋಡಿದರೆ ಇದು ಲಕ್ಷದ ಧಂದೆ ಅಲ್ಲ. ಇಷ್ಟ ಇದ್ದವರು ಕೈಯಿಂದ ಹಾಕಿಕೊಳ್ಳದೇ ನಡೆಸಬಹುದಾದ ಕೆಲಸ, ಅಷ್ಟು ಹೇಳಬಲ್ಲೆ.

ಮಾರುವಾಗ ಕೊಳ್ಳುವವರನ್ನೂ ಆರಿಸಿ. ಮೂರನೇ ಮಹಡಿಯ ಫ್ಲಾಟಿನವರಿಗೆ ಮುಧೋಳ ಕೊಟ್ಟರೆ ಆರು ತಿಂಗಳಿಗೆ ಸೋಫಾ ಹರಿದು, ಒಂದು ದಿನ ಗೇಟು ದಾಟಿ ಓಡಿ, ಕೊನೆಗೆ ಹೆದ್ದಾರಿಯಲ್ಲಿ ಬಿಟ್ಟು ಬರುತ್ತಾರೆ. "ಸಾಕೋಕೆ ಆಗಲಿಲ್ಲ ಅಂದ್ರ ಬ್ಯಾರೇವ್ರಿಗೆ ಕೊಡಬ್ಯಾಡ್ರಿ, ನನಗ ವಾಪಸ್ ತಂದು ಕೊಡ್ರಿ" ಅಂತ ಚೀಟಿಯಲ್ಲಿ ಬರೆದು ಸಹಿ ಹಾಕಿಸಿಕೊಳ್ಳಿ. ಹಾಗೆ ವಾಪಸ್ ಇಟ್ಟುಕೊಳ್ಳೋಕೆ ಜಾಗ ಇಲ್ಲದವರು ಮರಿ ಮಾಡಿಸಲೇಬಾರದು ಅನ್ನೋದು ನನ್ನ ಹಟ. ಇನ್ನೊಂದು ಮಾತು ಕೊಳ್ಳುವವರಿಗೆ ಹೇಳಿ ಕಳಿಸಿ: ಈ ಜಾತಿಯ ಸಣಕಲು ಓಟದ ನಾಯಿಗಳ ಮೈಯಲ್ಲಿ ಕೊಬ್ಬು ಕಡಿಮೆ. ಕೆಲವು ಬಗೆಯ ಅರಿವಳಿಕೆ ಬೇಗ ಇಳಿಯುವುದಿಲ್ಲ. ಆಪರೇಷನ್ ಮಾಡಿಸುವಾಗ ಡಾಕ್ಟರಿಗೆ ಇದು ಮುಧೋಳ ಅಂತ ಮೊದಲೇ ತಿಳಿಸಲಿ.

ಕಾಗದದ ವಿಷಯದಲ್ಲಿ ಒಂದು ಗೊಂದಲ ಇದೆ. ಚೆನ್ನೈನಲ್ಲಿರುವ ಕೆನಲ್ ಕ್ಲಬ್ ಆಫ್ ಇಂಡಿಯಾ ಈ ನಾಯಿಯನ್ನು ಬಹಳ ಕಾಲದಿಂದ ಕ್ಯಾರವಾನ್ ಹೌಂಡ್ ಅನ್ನುವ ಹೆಸರಿನಲ್ಲಿ ಬರೆದುಕೊಂಡು ಬಂದಿದೆ. ಇಂಡಿಯನ್ ನ್ಯಾಷನಲ್ ಕೆನಲ್ ಕ್ಲಬ್ ಮುಧೋಳ ಹೌಂಡ್ ಅನ್ನುತ್ತದೆ. ಮಹಾರಾಷ್ಟ್ರದ ಕಡೆ ಕಾರವಾನಿ, ಕಿವಿ-ಬಾಲಕ್ಕೆ ಉದ್ದ ಕೂದಲು ಇದ್ದರೆ ಪಶ್ಮಿ. ಹೆಸರು ಬೇರೆ ಅಂತ ಗಾಬರಿಯಾಗಬೇಡಿ, ಆದರೆ ಯಾರ ಕಾಗದ ಅಂತ ಓದಿ ನೋಡಿ. ಸಿಕ್ಕ ಕಂಪ್ಯೂಟರ್ ಅಂಗಡಿಯಲ್ಲಿ ಬಣ್ಣದ ಪ್ರಿಂಟ್ ತೆಗೆದ 'ಸರ್ಟಿಫಿಕೇಟ್' ಕೊಟ್ಟು ಮಾರುವವರಿದ್ದಾರೆ. ನಿಜವಾದ ಪೆಡಿಗ್ರಿಯಲ್ಲಿ ನೋಂದಣಿ ಸಂಖ್ಯೆ, ಚಿಪ್ ಸಂಖ್ಯೆ, ಮೂರು ತಲೆಮಾರಿನ ಹೆಸರು ಇರುತ್ತವೆ. ನಾಯಿಯ ಕತ್ತಿನ ಹತ್ತಿರ ಚಿಪ್ ರೀಡರ್ ಹಿಡಿದಾಗ ಬರುವ ನಂಬರು ಕಾಗದದ ನಂಬರಿಗೆ ಕೂಡಬೇಕು. ಇಷ್ಟು ದೂರ ಹೋಗೋಕೆ ಆಗದವರಿಗೆ ಬೀದರ್ ಪಶು ವಿಶ್ವವಿದ್ಯಾಲಯದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರ ಮುಧೋಳದ ಪಕ್ಕದಲ್ಲೇ ತಿಮ್ಮಾಪುರದಲ್ಲಿದೆ. ಮೊದಲ ನಾಯಿ ತರುವ ಮೊದಲು ಅಲ್ಲಿಗೆ ಒಂದು ಸಲ ಹೋಗಿ, ತಳಿ ಹೇಗಿರಬೇಕು ಅಂತ ಕಣ್ಣಾರೆ ನೋಡಿ ಬನ್ನಿ.

ಇನ್ನು ಪ್ರದರ್ಶನ. ಶೋ ಅಂದರೆ ಶ್ರೀಮಂತರ ಆಟ ಅಂತ ಬೈಯುವವರೂ ಇದ್ದಾರೆ, ಶೋದಲ್ಲಿ ಗೆದ್ದರೆ ಮರಿಯ ಬೆಲೆ ಎರಡು ಪಟ್ಟು ಅಂತ ಕುಣಿಯುವವರೂ ಇದ್ದಾರೆ. ನನಗೆ ಅದು ಪರೀಕ್ಷೆಯ ಹಾಗೆ ಕಾಣುತ್ತದೆ. ನಿಮ್ಮ ನಾಯಿ ನಿಮಗೆ ಚಂದವೇ. ಸಂಬಂಧ ಇಲ್ಲದ ಒಬ್ಬರು ಅದನ್ನು ಹತ್ತು ನಾಯಿಗಳ ಜೊತೆ ನಿಲ್ಲಿಸಿ ನೋಡಬೇಕು. ಭುಜದ ಹತ್ತಿರ ಎತ್ತರ ಗಂಡಿಗೆ 68ರಿಂದ 72 ಸೆಂ.ಮೀ., ಹೆಣ್ಣಿಗೆ 64ರಿಂದ 68 ಸೆಂ.ಮೀ. ಇರಬೇಕು. ಅದಕ್ಕಿಂತ ಎತ್ತರ ಇದ್ದರೆ ಇನ್ನೂ ಒಳ್ಳೆಯದು ಅಂತಲ್ಲ, ಗ್ರೇಹೌಂಡ್ ರಕ್ತ ಬೆರೆತಿದೆಯಾ ಅಂತ ಅನುಮಾನ ಬರುತ್ತದೆ. ತಲೆ ಉದ್ದ ಮತ್ತು ಸಪೂರ, ಕಿವಿ ಜೋತು ಕೆನ್ನೆಗೆ ತಾಗಿರಬೇಕು, ಎದೆ ಆಳ, ಬೆನ್ನ ಕೊನೆಯಲ್ಲಿ ಸೊಂಟದ ಎರಡು ಎಲುಬು ಕಾಣಬೇಕು, ಬಾಲ ಕೆಳಗಿಂದ ಹೊರಟು ಸ್ವಲ್ಪ ಬಾಗಬೇಕು. ಹಲ್ಲು 42, ಮೇಲಿನ ಸಾಲು ಕೆಳಗಿನದಕ್ಕೆ ಕತ್ತರಿಯಂತೆ ಕೂಡಬೇಕು. ನಡೆದು ತೋರಿಸಬೇಕು, ಓಡಿ ತೋರಿಸಬೇಕು. ಎಲ್ಲವನ್ನೂ ಬರೆದುಕೊಂಡು ಬನ್ನಿ, ಸೋತಾಗ ಯಾಕೆ ಸೋತೆ ಅಂತ ತೀರ್ಪುಗಾರರನ್ನೇ ಕೇಳಿ. ಕೇಳಿದರೆ ಹೇಳುತ್ತಾರೆ.

ನಮ್ಮ ಹುಡುಗರ ನಾಯಿಗಳು ಸೋಲುವುದು ಹೆಚ್ಚಾಗಿ ಮೈಕಟ್ಟಿನಿಂದ ಅಲ್ಲ, ನಡುಕದಿಂದ. ಮುಧೋಳಕ್ಕೆ ಹುಟ್ಟಾ ಅಪರಿಚಿತರ ಕೈ ಆಗದು. ಮೂರನೇ ವಾರದಿಂದ ಮೂರನೇ ತಿಂಗಳವರೆಗೆ ಮರಿಯನ್ನು ಹತ್ತಾರು ಜನ ಎತ್ತಿಕೊಳ್ಳಬೇಕು, ಬಾಯಿ ಬಿಡಿಸಿ ನೋಡಬೇಕು, ಟ್ರ್ಯಾಕ್ಟರ್, ಮಿಕ್ಸರ್, ಮಗ್ಗದ ಸದ್ದು ಕೇಳಿಸಬೇಕು. ರಬಕವಿ-ಬನಹಟ್ಟಿಯವರಿಗೆ ಇದು ಪುಗಸಟ್ಟೆ ಸಿಗುವ ತರಬೇತಿ, ಓಣಿಯಲ್ಲಿ ಪವರ್‌ಲೂಮ್ ಬಡಿಯುತ್ತಲೇ ಇರುತ್ತದೆ. ಕಬ್ಬಿನ ನಡುವಿನ ತೋಟದ ಮನೆಯಲ್ಲಿ ಸರಪಳಿಗೆ ಬೆಳೆದ ನಾಯಿಗೆ ಶೋ ಮೈದಾನದ ಮೈಕು ಸಾಕು, ಬಾಲ ಕಾಲ ಸಂದಿಗೆ.

ಶೋ ನೋಡುವುದು ರೂಪ ಮಾತ್ರ ಅಂತ ಹಿರಿಯರು ಹೇಳುವ ಆಕ್ಷೇಪಕ್ಕೆ ನನ್ನ ಒಪ್ಪಿಗೆ ಇದೆ. "ನಮ್ಮಜ್ಜ ವಹಿ ಇಟ್ಟಿದ್ನೇನ? ಶೋಕ್ಕ ಒಯ್ದಿದ್ನೇನ? ಆದ್ರೂ ನಾಯಿ ಉಳದಾವಲ್ಲ" ಅಂತ ಬೀಳಗಿ ಕಡೆಯ ಒಬ್ಬ ಹಿರಿಯರು ನನ್ನನ್ನು ಕೇಳಿದರು. ಅಜ್ಜ ವಹಿ ಇಡಲಿಲ್ಲ ನಿಜ. ಅವರ ಹತ್ತಿರ ಬೇಟೆ ಇತ್ತು, ಊರಿನ ಪ್ರತಿ ನಾಯಿಯ ಅವ್ವ-ಅಪ್ಪ ನೆನಪಿನಲ್ಲಿದ್ದವು, ಮರಿ ಇಪ್ಪತ್ತು ಮೈಲಿ ದಾಟಿ ಹೋಗುತ್ತಿರಲಿಲ್ಲ. ಈಗ ಮರಿ ಚಂಡೀಗಢಕ್ಕೆ ಹೋಗುತ್ತದೆ. ನೆನಪಿನ ಕೆಲಸಕ್ಕೆ ವಹಿ ಬಂದಿದೆ. ಬೇಟೆಯ ಕೆಲಸಕ್ಕೆ ಏನು?

ಅದಕ್ಕೆ ನನ್ನದೊಂದು ಸಲಹೆ. ಬೇರೆ ದೇಶಗಳಲ್ಲಿ ಇಂಥ ನಾಯಿಗಳಿಗೆ ಹುಸಿ ಬೇಟೆಯ ಓಟ ನಡೆಸುತ್ತಾರೆ. ಒಂದು ಹುರಿಯ ತುದಿಗೆ ಬಿಳಿ ಪ್ಲಾಸ್ಟಿಕ್ ಚೀಲ ಕಟ್ಟಿ, ಮೋಟಾರಿನಿಂದ ಸೆಳೆಯುತ್ತಾರೆ. ಚೀಲ ಮೊಲದಂತೆ ನೆಲದ ಮೇಲೆ ಹಾರುತ್ತಾ ಹೋಗುತ್ತದೆ, ನಾಯಿ ಬೆನ್ನು ಹತ್ತುತ್ತದೆ. ಪ್ರಾಣಿ ಸಾಯಲ್ಲ, ಕಾಯ್ದೆ ಮುರಿಯಲ್ಲ, ದಮ್ಮು, ಕಣ್ಣು, ತಿರುವು, ಆಸೆ ಎಲ್ಲ ಬಯಲಾಗುತ್ತದೆ. ಓಡಿದ ಸೆಕೆಂಡು, ಎಷ್ಟು ಹೊತ್ತಿಗೆ ಉಸಿರು ತಣ್ಣಗಾಯಿತು, ಕಾಲಿಗೆ ಏನಾದರೂ ಆಯಿತಾ ಅನ್ನೋದು ವಹಿಗೆ ಹೋಗಬೇಕು. ಜೂಜು ಕಟ್ಟುವವರನ್ನು ಹತ್ತಿರ ಬಿಟ್ಟುಕೊಳ್ಳಬಾರದು, ಕಟ್ಟಿದ ದಿನವೇ ಅದು ಬೇರೆ ಧಂದೆ ಆಗಿಬಿಡುತ್ತದೆ.

ಖರ್ಚು ದೊಡ್ಡದಲ್ಲ. ಬನಹಟ್ಟಿಯಲ್ಲಿ ಮಗ್ಗ ರಿಪೇರಿ ಮಾಡುವವರ ಹತ್ತಿರ ಹಳೇ ಅರ್ಧ ಎಚ್‌ಪಿ ಮೋಟಾರು ಸಿಗುತ್ತದೆ, ಸೈಕಲ್ಲಿನ ರಿಮ್ಮೇ ಹುರಿ ಸುತ್ತುವ ಗಾಲಿ. ಮುನ್ನೂರು ಮೀಟರು ನೈಲಾನ್ ಹುರಿ ಸಾಕು. ಬೀಳಗಿಯ ಎರೆಹೊಲಗಳಲ್ಲಿ ಕಡಲೆ, ಜೋಳ ಕೊಯ್ದ ಮೇಲೆ ಫೆಬ್ರುವರಿಯಲ್ಲಿ ಬಯಲು ಸಿಗುತ್ತದೆ. ಬೆಳಿಗ್ಗೆ ಎಂಟರೊಳಗೆ ಮುಗಿಸಬೇಕು, ಬಿಸಿಲೇರಿದ ಮೇಲೆ ಓಡಿಸಿದರೆ ನಾಯಿ ಕುಸಿದು ಬೀಳುತ್ತದೆ. ಜೋಳದ ಕೊಳೆ ಕಾಲಿಗೆ ಚುಚ್ಚುತ್ತದೆ, ಹಾಗಾಗಿ ಕಡಲೆ ಹೊಲವೇ ಲೇಸು, ಅದನ್ನೂ ಒಮ್ಮೆ ಕುಂಟೆ ಹೊಡೆದಿರಬೇಕು. ವರ್ಷ ತುಂಬದ ನಾಯಿ ತರಬೇಡಿ, ಎಲುಬು ಇನ್ನೂ ಎಳೆಯದು. ಒಂದು ನಾಯಿಗೆ ದಿನಕ್ಕೆ ಎರಡೇ ಓಟ, ನಡುವೆ ನೀರು, ನೆರಳು. ನಾಲ್ಕು ತಾಲೂಕಿನಿಂದ ಹತ್ತು ಜನ ನಾಯಿ ಮತ್ತು ವಹಿ ಎರಡನ್ನೂ ತಂದರೆ ಮೊದಲ ಓಟಕ್ಕೆ ಸಾಕು, ಹೊಲ ಒಬ್ಬರು ಕೊಡ್ತೀನಿ ಅಂದಿದ್ದಾರೆ.